ಎರಡನೆಯ ಪ್ಲೇಟು

ಭಾನುವಾರ ಏಳು ಗಂಟೆಗೇ ಖಲೀಲ್ ಭಾಯಿ
ಎಸ್.ಜೆ.ಪಿ. ರಸ್ತೆಯ ಅಂಚಿಗೆ ಟಾರ್ಪಾಲು ಹಾಸುತ್ತಾನೆ:
ಡ್ರಿಲ್ಲಿಂಗ್ ಮಿಷನ್ನು, ಒಂಟಿ ಷೂ, ಮಿಕ್ಸಿಯ ಮುಚ್ಚಳ,
ಆಮೇಲೆ, ಮಗು ಮಲಗಿಸುವ ಹಾಗೆ, ಪ್ಲೇಟುಗಳು.

ಆಗೆಲ್ಲ ಇಪ್ಪತ್ತು ರೂಪಾಯಿ,
ಜೊತೆಗೆ ಚಹಾ ಅವನದೇ.
ಈಗ ಹುಡುಗರು ಬರುತ್ತಾರೆ, ಬೆನ್ನಿಗೆ ಚೀಲ,
ಹಳೇ ಕವರು ಮೂಸಿ ನೋಡುತ್ತಾರೆ.
ಭಾಯಿ ಮೊಬೈಲು ತಿಕ್ಕಿ ಹೇಳುತ್ತಾನೆ: ಸಾವಿರದಿನ್ನೂರು.
ಚಹಾ ನನ್ನದು.

ನಾನು ಅವೆನ್ಯೂ ರಸ್ತೆಯಲ್ಲಿ ಕನ್ನಡಕದ ಗಾಜು ಉಜ್ಜುವವನು.
ಗೀರು ನನಗೆ ಗೊತ್ತು. ಬಿಸಿಲಿಗೆ ಓರೆ ಹಿಡಿದರೆ ಸಾಕು,
ಇದು ಸೂಜಿಯದು, ಇದು ಉಗುರಿನದು,
ಇದು ಕೋಪದ್ದು.

ನನ್ನ ಹತ್ತಿರ ಒಂದು ನಾಟಕದ ಪ್ಲೇಟಿದೆ, ಎರಡರಲ್ಲಿ ಮೊದಲನೆಯದು.
ಯಾವ ಕಂಪನಿಯೋ, ಲೇಬಲ್ಲನ್ನು ಜಿರಲೆ ತಿಂದಿದೆ.
ಕೊನೆಗೆ ಆ ಹೆಂಗಸು ಚಿಲಕಕ್ಕೆ ಕೈಯಿಟ್ಟು ಅನ್ನುತ್ತಾಳೆ:
"ಇಷ್ಟು ದಿನ ನೀನು ಬರಲಿಲ್ಲ, ನಾನು ಕೇಳಲಿಲ್ಲ..."
ಅಷ್ಟೆ. ಆಮೇಲೆ ಚರಚರ, ಚರಚರ,
ಸಾಸಿವೆ ಸಿಡಿದು ಮುಗಿದ ಮೇಲೂ ಆರದ ಎಣ್ಣೆ.

ಹನ್ನೊಂದು ವರ್ಷದಿಂದ ಅವಳು ಚಿಲಕ ಹಿಡಿದೇ ನಿಂತಿದ್ದಾಳೆ.
ಅವನ ಪರವಾಗಿ ಎಷ್ಟೋ ಉತ್ತರ ಕೊಟ್ಟಿದ್ದೇನೆ,
ಮೆಜೆಸ್ಟಿಕ್ಕಿನ ಬಸ್ಸಿನಲ್ಲಿ, ಗಾಜು ಉಜ್ಜುತ್ತ.
ಒಮ್ಮೆ ಗಿರಾಕಿಯೊಬ್ಬರು "ಏನಂದ್ರಿ?" ಅಂದರು.

ಕಳೆದ ವಾರ ಭಾಯಿ ದೂರದಿಂದಲೇ ಕೈ ಬೀಸಿ ಕರೆದ.
ಪಕ್ಕದಲ್ಲೊಬ್ಬಳು ಹುಡುಗಿ. ಹಂಸಿನಿ, ಲಿಂಗರಾಜಪುರ,
ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸ.
ಪ್ಲೇಯರು ಕೊಂಡು ಆರು ತಿಂಗಳು, ಇರುವುದು ಒಂಬತ್ತು ಪ್ಲೇಟು.
ಅದರಲ್ಲಿ ಒಂದು
ಎರಡನೆಯದು.

ಮಾರುತ್ತೀಯಾ, ಅಂದೆ.
ನೀವು ಮಾರುತ್ತೀರಾ, ಅಂದಳು.
ಭಾಯಿ ಇಬ್ಬರ ಮುಖ ನೋಡಿ ನಕ್ಕ,
ಕಮಿಷನ್ನು ಕೈತಪ್ಪಿದವನ ನಗು.

"ನಂಗೆ ಗೊತ್ತಿರೋದು ಬರೀ ಕೊನೆ" ಅಂದಳು.
"ಇಬ್ರೂ ಅಳ್ತಾರೆ. ಯಾಕೆ ಅಂತ ಗೊತ್ತಿಲ್ಲ.
ನಾನೇ ಕಾರಣ ಹಚ್ಚಿ ಕೇಳ್ತೀನಿ, ರಾತ್ರಿಗೊಂದೊಂದು.
ಮುಂದಿನ ಭಾನುವಾರ ಬನ್ನಿ, ಪಂಕ್ಚರ್ ಅಂಗಡಿ ಮೇಲಿನ ಮನೆ,
ಒಂದಾದ ಮೇಲೊಂದು ಹಾಕೋಣ."

ಹೂಂ ಅಂದೆ.
ನಾಲ್ಕು ಹೆಜ್ಜೆ ಹೋದವನು ತಡೆಯಲಾರದೆ ತಿರುಗಿ ಬಂದೆ.
ಅವನು ಮೊದಲು ಏನಂತಾನೆ? ಅದೊಂದು ಹೇಳಿಬಿಡು.

ಹುಡುಗಿ ಕಣ್ಣು ಮುಚ್ಚಿದಳು.
ಹಿಂದೆ ಯಾರೋ ಡ್ರಿಲ್ಲು ತಿರುಗಿಸಿ ನೋಡುತ್ತಿದ್ದರು,
ಅದು ನಿಲ್ಲುವವರೆಗೂ ಕಾದಳು.
"ಮೊದಲು ಒಂದು ಕೆಮ್ಮು" ಅಂದಳು.
"ಆಮೇಲೆ, ಆದರೂ."

ಹನ್ನೊಂದು ವರ್ಷ ನಾನು ಕೊಟ್ಟ ಉತ್ತರಗಳಲ್ಲಿ
ಒಂದರಲ್ಲೂ
ಕೆಮ್ಮು ಇರಲಿಲ್ಲ.