ಅರ್ಧ ಕಿಲೋ

ಮುಬೀನಾ,
ನಿನಗಲ್ಲಿ ಹರಪನಹಳ್ಳಿಯಲ್ಲಿ ನಡುರಾತ್ರಿ ಎರಡು ಗಂಟೆ,
ನನಗಿಲ್ಲಿ ಡಂಡೀಯಲ್ಲಿ ಒಂಬತ್ತೂವರೆ.
ಜುಲೈ. ಮುಳುಗಲು ಸೂರ್ಯ ಇನ್ನೂ ಮನಸ್ಸು ಮಾಡಿಲ್ಲ,
ಟೇ ಹೊಳೆಯ ಸೇತುವೆ ಮೇಲೆ ರೈಲೊಂದು ನಿಧಾನ ದಾಟುತ್ತಿದೆ.
ಸೀಟು ಸಿಕ್ಕಿತು ಅಂತ ನೀನು ಕಳಿಸಿದ ಪತ್ರದ ಫೋಟೋ
ಅಲುಗಿದೆ. ಕೈ ನಡುಗಿರಬೇಕು.
ಕೆಳಗೆ ಹನ್ನೊಂದು ಪ್ರಶ್ನೆ.
ಮೊದಲನೆಯದು: ಅಕ್ಕಾ, ಕುಕ್ಕರ್ ತರಲೇನು?

ಬೇಡ. ನನ್ನದನ್ನು ಕೋಣೆಯಲ್ಲೇ ಬಿಟ್ಟಿರುತ್ತೇನೆ.
ಅದು ಸೀಟಿ ಹೊಡೆಯುವುದಿಲ್ಲ, ಏದುಸಿರು ಬಿಡುತ್ತದೆ;
ಎಣಿಸಬೇಡ, ವಾಸನೆ ಹಿಡಿ.
ಕೊಡೆಯೂ ಬೇಡ. ಇಲ್ಲಿನ ಗಾಳಿ
ಪುಕ್ಕ ಕಿತ್ತು ಕಡ್ಡಿ ಉಳಿಸುತ್ತದೆ.

ಹಣದ ವಿಷಯ.
ಇಪ್ಪತ್ತೆಂಟು ದಿನ ಖಾತೆಯಲ್ಲಿ ಕದಲದೆ ಬಿದ್ದಿರಬೇಕು.
ನಮ್ಮ ಮನೆಗೆ ಅದು ನಾಲ್ಕು ಕಡೆಯಿಂದ ಬಂತು:
ಸೊಸೈಟಿ ಸಾಲ, ಅತ್ತೆಯ ಬೋರಮಾಳ, ಹಮಾಲರ ಸಂಘದ್ದು,
ನಾಲ್ಕನೆಯದನ್ನು ಅಪ್ಪ ಇವತ್ತಿಗೂ ಬಾಯಿಬಿಟ್ಟಿಲ್ಲ.
ಅಷ್ಟೂ ದಿನ ಅವ್ವ
ಪಾಸ್‌ಬುಕ್ಕಿಟ್ಟ ಟ್ರಂಕಿನ ಮುಂದೆ ಮೆಲ್ಲಗೆ ನಡೆದಳು,
ಕೂಸು ಮಲಗಿದ ಮನೆಯಲ್ಲಿ ನಡೆದಂತೆ.
ಇಪ್ಪತ್ತೊಂಬತ್ತನೆಯ ಬೆಳಿಗ್ಗೆ
ಇದ್ದಬದ್ದ ಪಾತ್ರೆಯನ್ನೆಲ್ಲ ಬೇಕೆಂದೇ ಸಪ್ಪಳ ಮಾಡಿ ತಿಕ್ಕಿದಳು.

ವೀಸಾಕ್ಕೆ ಮುಂಚೆ ಎದೆಯ ಎಕ್ಸ್-ರೇ ತೆಗೆಸಬೇಕು.
ಉಸಿರು ಹಿಡಿ ಅನ್ನುತ್ತಾರೆ.
ಬಿಡು ಅಂದದ್ದು ನನಗೆ ಕೇಳಿಸಲೇ ಇಲ್ಲ.

ಇಂಗ್ಲಿಷಿಗೆ ಹೆದರಬೇಡ. ಪರೀಕ್ಷೆಯಲ್ಲಿ ಏಳೂವರೆ ಬಂದವಳಿಗೂ
ಈ ಊರಿನ ಬಸ್ ಡ್ರೈವರ್ ಹೇಳಿದ್ದು ತಿಳಿಯುವುದಿಲ್ಲ.
ಇಲ್ಲಿಯವರು 'ಎ' ಅಂದರೆ 'ನಾನು'.
ನಮ್ಮ ಕಡೆ 'ಏ' ಅಂದರೆ 'ನೀನು'.
ಇಷ್ಟು ಗೊತ್ತಿದ್ದರೆ ಒಂದು ವಾರ ದೂಡಬಹುದು.

ಇನ್ನು ತೂಕ. ಎರಡು ಸೂಟ್‌ಕೇಸು, ಒಂದೊಂದು ಇಪ್ಪತ್ಮೂರು ಕಿಲೋ.
ನಮ್ಮಪ್ಪ ಫಕೀರಪ್ಪ,
ರಾಣೆಬೆನ್ನೂರ ಯಾರ್ಡಿನಲ್ಲಿ ಮೂವತ್ತು ವರ್ಷ ಮೆಕ್ಕೆಜೋಳ ಹೊತ್ತವನು,
ಕೇಳಿ ನಕ್ಕುಬಿಟ್ಟ: "ಎರಡೂ ಕೂಡಿ ಒಂದು ಚೀಲ ಆಗಂಗಿಲ್ಲಲ್ಲವಾ!"
ಹೊರಡುವ ಮುಂಜಾನೆ ಒಂದೇ ಕೈಯಲ್ಲಿ ಎತ್ತಿ
ಕಣ್ಣು ಮುಚ್ಚಿ ನಿಂತ.
"ಇಪ್ಪತ್ಮೂರೂವರಿ. ಅರ್ಧ ಕಿಲೋ ತಗೀ."
ಪುಸ್ತಕ ತೆಗೆಯುವಂತಿಲ್ಲ, ಸ್ವೆಟರ್ ತೆಗೆಯುವಂತಿಲ್ಲ.
ತೆಗೆದದ್ದು ಅವ್ವ ಕುಟ್ಟಿದ್ದ ಶೇಂಗಾ ಹಿಂಡಿಯ ಗಂಟು.
ಏರ್‌ಪೋರ್ಟಿನ ತಕ್ಕಡಿ ಅಪ್ಪನ ಮಾತು ಮೀರಲಿಲ್ಲ.

ಬಂದ ಮೂರನೇ ವಾರ ಮಳೆ ತಪ್ಪಿಸಿಕೊಳ್ಳಲು
ಒಂದು ಹಳೇ ಗಿರಣಿಯೊಳಗೆ ಹೊಕ್ಕೆ. ಈಗದು ಮ್ಯೂಸಿಯಂ.
ಗೊತ್ತೇನೇ, ಒಂದು ಕಾಲಕ್ಕೆ ಲೋಕಕ್ಕೆಲ್ಲ ಗೋಣಿ ನೇಯ್ದ ಊರಂತೆ ಇದು.
ಸೆಣಬು ಬಂಗಾಳದಿಂದ ಹಡಗು ಹತ್ತಿ ಬರುತ್ತಿತ್ತು;
ಅದರ ಎದೆಯ ಎಕ್ಸ್-ರೇ ಯಾರೂ ಕೇಳಲಿಲ್ಲ.
ಹದಿನೈದಕ್ಕೇ ಮಗ್ಗದ ಮುಂದೆ ನಿಂತ ಇಸೊಬೆಲ್ ಅಜ್ಜಿ,
ಆ ಸದ್ದಿಗೇ ಕಿವಿ ಕೊಟ್ಟುಬಿಟ್ಟವಳು,
ಒಂದು ತುಂಡು ಗೋಣಿತಟ್ಟು ನನ್ನ ಕೈಗಿಟ್ಟಳು.
ಮೂಸಿದೆ.
ಎಣ್ಣೆ. ಧೂಳು. ಅಪ್ಪನ ಹೆಗಲು.
ಮಗ್ಗಗಳ ಗದ್ದಲದಲ್ಲಿ ಹೆಂಗಸರು ಕೈಯಲ್ಲೇ ಮಾತಾಡುತ್ತಿದ್ದರಂತೆ.
ಅಜ್ಜಿ ಬೆರಳಲ್ಲಿ ಏನೋ ಅಂದಳು.
ಏನೆಂದು ಇವತ್ತಿಗೂ ಗೊತ್ತಿಲ್ಲ,
ನಾನೂ ಬೆರಳಲ್ಲೇ ಹೂಂ ಅಂದೆ.

ಉಳಿದ ಪ್ರಶ್ನೆಗಳು ನಾಳೆ. ಮಲಗು ಇನ್ನು.
ಹೀಟರಿನ ಗುಬುಟು ಎಡಕ್ಕೆ ತಿರುವಿದರೆ ಬಿಸಿ, ಬಲಕ್ಕೆ ಬರೀ ಸದ್ದು.
ಕಿಟಕಿಯಲ್ಲಿ ಬ್ರೆಡ್ ಇಡಬೇಡ, ಕಡಲಹಕ್ಕಿಗಳು ಕಳ್ಳರು.
ನಾನು ದೂರವೇನೂ ಹೋಗುತ್ತಿಲ್ಲ,
ಹೊಳೆಯಾಚೆ ನ್ಯೂಪೋರ್ಟಿಗೆ. ಬಸ್ಸಿಗೆ ಹದಿನೈದು ನಿಮಿಷ.

ನಿಮ್ಮಪ್ಪ ಟೇಲರ್ ಅಂದಿದ್ದೆ. ತೂಕ ತಿಳಿಯಲಿಕ್ಕಿಲ್ಲ,
ಆದರೂ ಕಟ್ಟಿದ ಮೇಲೆ ಒಮ್ಮೆ ಎತ್ತಲು ಅವರ ಕೈಗೇ ಕೊಡು.
ಅರ್ಧ ಕಿಲೋ ಜಾಗ ಉಳಿದರೆ,
ಉಳಿದರೆ ಮಾತ್ರ,
ರಾಣೆಬೆನ್ನೂರು ನಿನ್ನ ದಾರಿಯಲ್ಲಿಲ್ಲ, ಗೊತ್ತು,
ಬಸ್ಸಿದೆ.
ಸಂಜೆ ನಾಲ್ಕರ ಮೇಲೆ ಅವ್ವ ಮನೆಯಲ್ಲೇ ಇರುತ್ತಾಳೆ.