ಮೂರನೆಯ ಅಂಕ, ಸ್ವಲ್ಪ ಮೌನ

ಕುತಾಯಿಸಿಯ ರಂಗಮಂದಿರದಲ್ಲಿ ನನ್ನ ಜಾಗ
ವೇದಿಕೆಯ ಮುಂದಂಚಿನಲ್ಲಿ ಕೊರೆದ ಒಂದು ಗುಳಿ.
ತಲೆಯ ಮೇಲೆ ಮರದ ಚಿಪ್ಪು, ಮೊಣಕಾಲಿಗೊಂದು ಕಂಬಳಿ,
ಕೈಯಲ್ಲಿ ನಾಟಕದ ಪ್ರತಿ.
ಮಾತು ಮರೆತವರಿಗೆ ಮಾತು ಉಸುರುವುದು ಕೆಲಸ.
ಇಪ್ಪತ್ತೆರಡು ವರ್ಷ. ಮುಖಗಳನ್ನು ಅಷ್ಟಾಗಿ ಕಂಡವಳಲ್ಲ;
ನನ್ನ ಕಣ್ಣಿನ ಮಟ್ಟಕ್ಕೆ ಬರುವುದು ಬೂಟು.

ಆ ಚಳಿಗಾಲ ಊರಿಗೆ ಕರೆಂಟಿರಲಿಲ್ಲ.
ಟಿಕೆಟಿಗೆ ಬದಲು ಜನ ಸೌದೆಯ ಒಂದೊಂದು ತುಂಡು ತರುತ್ತಿದ್ದರು,
ಕೋಟು ಬಿಚ್ಚದೆ ಕೂರುತ್ತಿದ್ದರು,
ನಕ್ಕರೆ ಸಾಲಿಗೆ ಸಾಲೇ ಹಬೆಯಾಡುತ್ತಿತ್ತು.

ನಾಟಕದಲ್ಲಿ ಗೋಚಾ ಎಂಬ ಗಿರಣಿಯವ.
ಹಿಮ ಬಿದ್ದು ದಾರಿ ಮುಚ್ಚಿದ ಹಳ್ಳಿಯಲ್ಲಿ
ಉಗ್ರಾಣಕ್ಕೆ ಬೀಗ ಜಡಿದು
ಹಿಟ್ಟನ್ನು ಚಿನ್ನದ ತಕ್ಕಡಿಯಲ್ಲಿ ತೂಗುವವ.
ಮೂರನೆಯ ಅಂಕದ ಕೊನೆಗೆ ವಿಧವೆ ಬಂದು ನಿಲ್ಲುತ್ತಾಳೆ.
ಏನೂ ಕೇಳುವುದಿಲ್ಲ. ಖಾಲಿ ಚೀಲ ಒದರಿ, ಮಡಚುತ್ತಾಳೆ.
ಪ್ರತಿಯಲ್ಲಿ, ಕಂಸದೊಳಗೆ: ಸ್ವಲ್ಪ ಮೌನ.
ಆಮೇಲೆ ಗೋಚಾ: “ಹಿಡಿ, ಬೀಗದ ಕೈ.”
ಅಷ್ಟೇ. ಒಬ್ಬ ಮನುಷ್ಯ ಬದಲಾಗುವುದಕ್ಕೆ
ಬರೆದವನು ಬಿಟ್ಟ ಜಾಗ ಎರಡು ಪದ.

ಗೋಚಾ ಆಗುತ್ತಿದ್ದವನು ಯಾಸೋನ್,
ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ.
ನಮ್ಮ ಚಹಾದಲ್ಲಿ ಅವನಿಗೆ ಪಾಲಿತ್ತು,
ಅವನ ಸಕ್ಕರೆ ಅವನ ಜೇಬಿನಲ್ಲಿತ್ತು.
ರಂಗದ ಮೇಲಿನ ಹಿಟ್ಟಿನ ಮೂಟೆಗಳಲ್ಲಿ ಇದ್ದದ್ದು ಮರದ ಹೊಟ್ಟು;
ಹಿಂದೆ ಸಾಮಾನು ಕೋಣೆಯಲ್ಲಿ
ಎರಡು ಡಬ್ಬ ಸೀಮೆಎಣ್ಣೆ, ಅವನದು,
ಎಲ್ಲರಿಗೂ ಗೊತ್ತಿತ್ತು, ಪ್ರೇಕ್ಷಕರಿಗೂ.
“ಹಿಡಿ, ಬೀಗದ ಕೈ” ಎಂದಾಗ
ಹಿಂದಿನ ಸಾಲಿನಿಂದ ಯಾರೋ ಕೂಗುತ್ತಿದ್ದರು:
“ಎಣ್ಣೆದೂ ಕೊಡಪ್ಪಾ!”
ಅವನು ಚೆನ್ನಾಗಿಯೇ ಮಾಡುತ್ತಿದ್ದ, ಅದು ಬೇರೆ ಮಾತು.
ಅಳುವನ್ನು ಗಂಟಲಲ್ಲಿ ಸರಿಯಾದ ಎತ್ತರಕ್ಕೆ ನಿಲ್ಲಿಸುತ್ತಿದ್ದ.
ಬೂಟು ಮಾತ್ರ ಬಾಗಿಲ ಕಡೆಗೇ ತಿರುಗಿರುತ್ತಿತ್ತು.

ಫೆಬ್ರವರಿಯ ಒಂದು ಗುರುವಾರ
ಲಮಾರಾ ಚೀಲ ಮಡಚಿದಳು.
ಆ ವಾರ ಅವಳಿಗೆ ಕೆಮ್ಮು;
ಕೆಮ್ಮು ನಾಟಕದಲ್ಲಿರಲಿಲ್ಲ.
ಇದ್ದ ಒಂದು ಲಾಂದ್ರ ಎರಡು ಸಲ ಪುಕಪುಕ ಎದ್ದು
ಆರಿತು. ಎಣ್ಣೆ ತೀರಿತ್ತು.
ಕತ್ತಲೆ. ಮುನ್ನೂರು ಜನರ ಉಸಿರು.
ಬಾಯಿಪಾಠವಾಗಿದ್ದ ಸಾಲು ಉಸುರಿದೆ: ಹಿಡಿ.
ಮತ್ತೊಮ್ಮೆ: ಹಿಡಿ, ಬೀಗದ…
ಬೂಟು ಸದ್ದು ಮಾಡುತ್ತ ಹೊರಟುಹೋಯಿತು.
ಹೋದ, ಅಂದುಕೊಂಡೆ. ಕತ್ತಲಿರುವಾಗಲೇ
ಡಬ್ಬ ಬೇರೆಡೆ ಬಚ್ಚಿಡಲು.

ಎಷ್ಟು ಹೊತ್ತೋ.
ವಾಸನೆ ಮೊದಲು ಬಂತು.
ಆಮೇಲೆ ನನ್ನ ಚಿಪ್ಪಿನ ಪಕ್ಕದಲ್ಲೇ ಗುಳುಗುಳು,
ಕಡ್ಡಿ ಗೀರಿದ ಬೆಳಕು,
ಮತ್ತು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿ
ಮಂಡಿಯೂರಿ ನನ್ನ ಮಟ್ಟಕ್ಕೆ ಇಳಿದ ಒಂದು ಮುಖ.
ಅಳುತ್ತಿರಲಿಲ್ಲ. ಸಿಟ್ಟಾಗಿತ್ತು.
ಬಾರದ ಲೆಕ್ಕ ಮಾಡುವ ಹುಡುಗನ ಹಾಗೆ ನಾಲಿಗೆ ಕಚ್ಚಿ
ಒಂದು ಹನಿ ಚೆಲ್ಲದಂತೆ ಸುರಿಯುತ್ತಿದ್ದ.
ಬೀಗದ ಕೈಯ ಮಾತು ಆಡಲೇ ಇಲ್ಲ.
ಲಾಂದ್ರವನ್ನು ಲಮಾರಾ ಕಡೆಗೆ ನೂಕಿದ.
ಹಿಂದಿನ ಸಾಲು ಏನೂ ಕೂಗಲಿಲ್ಲ.

ಮರುದಿನ ಮ್ಯಾನೇಜರನ ಬಳಿ ಹೋಗಿ
ಅರ್ಧ ಲೀಟರಿನ ದುಡ್ಡು ಕೇಳಿದ.
ಕೇಳಿದ್ದೂ ಹೌದು, ಸಹಿ ಹಾಕಿ ಪಡೆದದ್ದೂ ಹೌದು;
ನಾನಿದನ್ನು ಮುಚ್ಚಿಡುವುದಿಲ್ಲ.
ಆದರೆ ಶನಿವಾರ, ಪರದೆ ಏಳುವ ಮುಂಚೆ,
ಲಾಂದ್ರವನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಿದ್ದ,
ಎಷ್ಟಿದೆ ಅಂತ.

ಮೂರನೆಯ ಅಂಕ. ಚೀಲ ಮಡಚಿಯಾಯಿತು.
ಬೂಟು ಬಾಗಿಲ ಕಡೆ, ಎಂದಿನಂತೆ.
ನಿಧಾನವಾಗಿ ಎಡಗಾಲಿನದು ಇತ್ತ ತಿರುಗಿತು.
ಬಲಗಾಲಿನದು ಅಲ್ಲೇ.
ಸಾಲಿನ ಮೇಲಿಟ್ಟಿದ್ದ ಬೆರಳನ್ನು ತೆಗೆದೆ.
ಅವನಿಗೆ ಮಾತು ಮರೆತಿರಲಿಲ್ಲ.
ಪೆನ್ಸಿಲಿನಿಂದ ‘ಸ್ವಲ್ಪ’ವನ್ನು ಹೊಡೆದುಹಾಕಿ
ಕಾದೆ.