ಕರೇ ಗೆರಿ

ಹೆಸರು ಕಾಣಬಾರದು ಅಂದ್ರು ಸಾಹೇಬ್ರು.
ಮಾರ್ಕರ್ ಹಿಡಕೊಂಡು ಕುಂತೆ.
ಹಳೇಹುಬ್ಬಳ್ಳಿ ಓಣಿಯೊಂದರ ಏಳು ತಕರಾರು ಅರ್ಜಿ,
ಐದಂತಸ್ತಿನ ಕಾಂಪ್ಲೆಕ್ಸ್ ಬ್ಯಾಡಂತ.

ಹೆಸರಿನ ಮ್ಯಾಲ ಕರೇ ಗೆರಿ,
ಮನಿ ನಂಬರಿನ ಮ್ಯಾಲ, ಸಹಿ ಮ್ಯಾಲ.
ಎರಡ್ ಸಲ ತಿಕ್ಕಿದೆ, ಬೆಳಕಿಗೆ ಹಿಡದು ನೋಡಿದೆ.
ಆಮ್ಯಾಲ ಓದಿದೆ:

‘ನನ್ನ ತಾಯಿ ಏಳಲಾರಳು. ಮುಂಜಾನೆ ಒಂದು ತಾಸು
ಕಿಟಕಿಗೆ ಬರುವ ಬಿಸಿಲೇ ಅವಳ ಅಂಗಳ.’

ಆ ಓಣ್ಯಾಗ ಹಾಸಗಿ ಹಿಡದ ಮುದುಕಿ ಎಷ್ಟು ಮಂದಿ?
ಬಿಸಿಲಿಗೂ ಮಸಿ ಬಳದ್ರ
ಅರ್ಜ್ಯಾಗ ‘ಮಾನ್ಯರೇ’ ಅಷ್ಟ ಉಳೀತದ.
ಬಿಟ್ಟೆ.

ಹೊರಗ ಬಾಂಕಿನ ಮ್ಯಾಲ ಬಿಲ್ಡರನ ತಮ್ಮ,
ನನಗೂ ಎರಡು ಮಿರ್ಚಿ ಕಟ್ಟಿಸಿಕೊಂಡು ಬಂದಾಂವ,
ಝೆರಾಕ್ಸ್ ತಿರುವಿದ. ನಾಲ್ಕನೇದರ ಮ್ಯಾಲ ಬೆರಳು ನಿಂತಿತು.

‘ಈ ಳ-ದ ಬಾಲ ನೋಡ್ರಿ. ದ್ರಾಕ್ಷಾಯಣಿ ಟೀಚರ್ರದು.
ಪಾಟಿ ಮ್ಯಾಲ ಕೈ ಹಿಡದು ತಿದ್ದಿಸ್ಯಾರ ನನಗ.
ಅವರ ಮನಿಗೆ ಹೋಗಿ ಭಾಳ ವರ್ಷಾತು.
ಸಂಜಿಕ್ಕ ಹೋಗಿ ಕಾಲು ಮುಟ್ಟಿ ಬರ್ತೀನಿ.’

ಹಾಳಿ ಮಡಚಿ ಅಂಗಿ ಕಿಸೆದಾಗ ಇಟಗೊಂಡ,
ಸಣ್ಣಗ, ನಾಕು ಮಡಿಕಿ.
ನನ್ನ ಕೈಯಾಗ ಮಾರ್ಕರ್ ಇನ್ನೂ ತೆರದ ಇತ್ತು.